ಸಣ್ಣ ಗಾಡಿಯ ರಾತ್ರಿ ಬೆಳಕು

ಅಕ್ಟೋಬರ್ ಚಾಟನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರು ಒಡೆದ ಮೇಲೆ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಮಳೆ ಬಿದ್ದು ಎಲೆ ಒದ್ದೆಯಾಗಿ ನಿಂತಿತೆಂದರೆ ಡೌನಿ ರೋಗದ ಭಯ. ಮಳೆ ಬಿಟ್ಟದ್ದು ಸಂಜೆ ಏಳಕ್ಕಾದರೆ ಔಷಧ ಹೊಡೆಯುವುದು ಎಂಟಕ್ಕೆ. ಬೆಳಗಾಗಲಿ ಎಂದು ಕೂರುವಂತಿಲ್ಲ. ಮಳೆಯಿಲ್ಲದ ದಿನಗಳಲ್ಲೂ ಹಗಲಿನ ಗಾಳಿಗೆ ಔಷಧ ಪಕ್ಕದ ಹೊಲಕ್ಕೆ ಹಾರಿಹೋಗುತ್ತದೆಂದು, ಗಾಳಿ ತಗ್ಗಿದ ಮೇಲೆಯೇ ಔಷಧ ಎರಚುವ ಬ್ಲೋವರ್ ಹೊರಡಿಸುವವರು ಬಹಳ. ತಿಕೋಟಾ, ಬಬಲೇಶ್ವರದ ಕಡೆ ಆ ಹೊತ್ತಿಗೆ ಹೋದವರಿಗೆ ದ್ರಾಕ್ಷಿ ಪಡದ ಸಾಲುಗಳ ನಡುವೆ ಮಿನಿ ಟ್ರ್ಯಾಕ್ಟರುಗಳ ಸದ್ದು ಮೊದಲು ಕೇಳುತ್ತದೆ, ಆಮೇಲೆ ಬೆಳಕು ಕಾಣುತ್ತದೆ.

ಬೆಳೆಗಾರರ ಬಾಯಲ್ಲಿ ಇದು ‘ಸಣ್ಣ ಗಾಡಿ’. 15ರಿಂದ 25 ಎಚ್‌ಪಿ ಎಂಜಿನ್, ಒಂಬತ್ತು ಹತ್ತು ಅಡಿಯ ಸಾಲಿನಲ್ಲಿ ಬಳ್ಳಿಗೆ ತಾಗದೆ ಹೋಗಿಬರುವ ಮೈಕಟ್ಟು. ಬೆಂಗಳೂರಿನ ವಿ.ಎಸ್‌.ಟಿ. ಕಂಪನಿಯ ಶಕ್ತಿ, ಮಹೀಂದ್ರಾದ ಜೀವೋ, ಕುಬೋಟಾದ ನಿಯೋಸ್ಟಾರ್, ಸ್ವರಾಜ್ 717 ಎಲ್ಲವೂ ಈ ಗುಂಪಿನವು. ಕಂಪನಿಯಿಂದ ಬರುವಾಗ ಮುಂದೆ ಎರಡು ಹೆಡ್‌ಲೈಟ್, ಹಿಂದೆ ಮಡ್‌ಗಾರ್ಡ್ ಮೇಲೆ ಒಂದು ಪ್ಲೌ ಲೈಟ್ ಇರುತ್ತದೆ. ಸಂಜೆ ಹೊಲದಿಂದ ಮನೆಗೆ ಬರಲು ಇಷ್ಟು ಸಾಕು. ಆರು ನೂರು ಲೀಟರ್ ಟ್ಯಾಂಕ್ ಹೊತ್ತ ಬ್ಲೋವರಿನ ಯಾವ ನಾಜಲ್ ಕಟ್ಟಿಕೊಂಡಿದೆ ಎಂದು ರಾತ್ರಿ ಹತ್ತಕ್ಕೆ ಕುಳಿತಲ್ಲಿಂದಲೇ ನೋಡಲು ಸಾಲದು. ಕಟ್ಟಿಕೊಂಡ ಒಂದು ನಾಜಲ್ ಕಣ್ತಪ್ಪಿದರೆ ಸಾಲಿನುದ್ದಕ್ಕೂ ಒಂದು ಪಟ್ಟಿ ಔಷಧವಿಲ್ಲದೆ ಉಳಿಯುತ್ತದೆ, ಎಲೆಯ ಮೇಲೆ ಹಳದಿ ಎಣ್ಣೆಚುಕ್ಕೆ ಎದ್ದಾಗ ಅದು ಗೊತ್ತಾಗುತ್ತದೆ. ಬೆಳೆಗಾರರು ಗಾಡಿಗೆ ಹೆಚ್ಚುವರಿ ಲೈಟ್ ಹಾಕಿಸಲು ಬರುವುದು ಈ ಕಾರಣಕ್ಕೆ. ಬರುವುದು ವೈರಿಂಗ್ ಮಿಸ್ತ್ರಿಯ ಬಳಿಗೆ.

ಈ ಮಿಸ್ತ್ರಿಗಳ ಅಂಗಡಿಗೆ ದೊಡ್ಡ ಬೋರ್ಡ್ ಇರುವುದು ಅಪರೂಪ. ಊರ ಹೊರಗಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ, ಬ್ಯಾಟರಿ ಅಂಗಡಿ, ವೆಲ್ಡಿಂಗ್ ಶೆಡ್ ಇರುವ ಸಾಲಿನಲ್ಲೇ ಇದೂ ಒಂದು. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಬಣ್ಣಬಣ್ಣದ ವೈರ್ ಸುರುಳಿ, ಹಳೆಯ ಡೈನಮೋಗಳ ರಾಶಿ, ಸೆಲ್ಫ್ ಮೋಟಾರಿನ ಬಿಚ್ಚಿಟ್ಟ ಭಾಗಗಳು, ಒಂದು ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪ್. ಎಂಜಿನ್ ಬಿಚ್ಚುವ ಮಿಸ್ತ್ರಿಗೆ ಸಿಗುವ ಮರ್ಯಾದೆ ವೈರಿಂಗ್ ಮಾಡುವವನಿಗೆ ಸಿಗುವುದಿಲ್ಲ. ಎಂಜಿನ್ ಕೆಲಸವಾದರೆ ಎಣ್ಣೆ ಮೆತ್ತಿದ ಹಳೆಯ ಪಿಸ್ಟನ್ ಕೈಗೆ ಬರುತ್ತದೆ, ದುಡ್ಡು ಎಲ್ಲಿ ಹೋಯಿತೆಂದು ಕಾಣುತ್ತದೆ. ವೈರಿಂಗಿನಲ್ಲಿ ಒಳ್ಳೆಯ ಕೆಲಸವೆಲ್ಲ ಬಾನೆಟ್ ಕೆಳಗೆ ಮುಚ್ಚಿಹೋಗುತ್ತದೆ. ಗಿರಾಕಿ ದುಡ್ಡು ಕೊಡಲು ಒಪ್ಪುವುದು ಲೈಟಿಗೆ. ಆದರೆ ಬೆಳಕು ಎಷ್ಟು ಬರಬೇಕೆಂದು ತೀರ್ಮಾನಿಸುವುದು ಬಹುಪಾಲು ತಂತಿ, ಜಾಯಿಂಟ್ ಮತ್ತು ಅರ್ತ್.

“ಮಿಸ್ತ್ರಿ, ನಾಕ್ ಎಲ್‌ಇಡಿ ಹಚ್ಚಿಕೊಡ್ರಿ, ಹಗಲಾದಂಗ ಆಗ್ಬೇಕು” ಎಂದು ಬಂದವರಿಗೆ ಅನುಭವಿ ಮಿಸ್ತ್ರಿ ಮೊದಲು ಲೈಟ್ ತೋರಿಸುವುದಿಲ್ಲ. “ತಡೀರಿ ಅಣ್ಣಾರ, ಡೈನಮೋ ಎಷ್ಟ್ ಕೊಡ್ತದ ನೋಡೂಣು” ಎನ್ನುತ್ತಾನೆ. ಪ್ರಶ್ನೆ ಸರಿಯಾದದ್ದೇ. ಡೈನಮೋ ಎಂದರೆ ಇಲ್ಲಿ ಆಲ್ಟರ್‌ನೇಟರ್. ದೊಡ್ಡ ಟ್ರ್ಯಾಕ್ಟರಿನ ಆಲ್ಟರ್‌ನೇಟರ್ 35–40 ಆಂಪ್ ಕೊಡುತ್ತದೆ. ಸಣ್ಣ ಗಾಡಿಗಳಲ್ಲಿ ಕೆಲವು ಇಪ್ಪತ್ತರ ಆಸುಪಾಸಿನಲ್ಲೇ ನಿಲ್ಲುತ್ತವೆ. ಬ್ಯಾಟರಿ ತುಂಬಿಸುವುದು, ಹೆಡ್‌ಲೈಟ್ ಉರಿಸುವುದು, ಮಡ್‌ಗಾರ್ಡ್ ಮೇಲಿನ ಹಾಡಿನ ಪೆಟ್ಟಿಗೆ ಎಲ್ಲಕ್ಕೂ ಕರೆಂಟ್ ಅದರಿಂದಲೇ ಹೋಗಬೇಕು. (ಹಾಡಿನ ಪೆಟ್ಟಿಗೆಯನ್ನು ಯಾವ ಡ್ರೈವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ತಿನ್ನುವುದು ಒಮ್ಮೊಮ್ಮೆ ಎರಡು ಲೈಟಿಗಿಂತ ಜಾಸ್ತಿ.)

ಹ್ಯಾಲೋಜೆನ್ ಕಾಲದಲ್ಲಿ ಈ ಲೆಕ್ಕ ಬಹಳ ಬಿಗಿ ಇತ್ತು. 55 ವಾಟಿನ ಒಂದು ಬಲ್ಬ್ 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪ್ ಎಳೆಯುತ್ತದೆ, ಎರಡು ಹಾಕಿದರೆ ಒಂಬತ್ತು. ಎಂಜಿನ್ ನಿಲ್ಲಿಸಿ ಲೈಟ್ ಉರಿಸಿಕೊಂಡು ಬ್ಲೋವರ್ ರಿಪೇರಿಗೆ ಕುಳಿತರೆ, 45 ಆಂಪ್ ಅವರಿನ ಬ್ಯಾಟರಿ ಎರಡೂವರೆ ಗಂಟೆಯಲ್ಲಿ ಅರ್ಧ ಖಾಲಿ. ಆಮೇಲೆ ಸೆಲ್ಫ್ ಹೊಡೆದರೆ ಬರೀ ‘ಟಕ್’. ಎಲ್‌ಇಡಿ ಈ ಲೆಕ್ಕವನ್ನು ತಲೆಕೆಳಗು ಮಾಡಿತು. 1993ರಲ್ಲಿ ಜಪಾನಿನ ಶೂಜಿ ನಕಾಮುರಾ ಪ್ರಖರವಾದ ನೀಲಿ ಎಲ್‌ಇಡಿ ಮಾಡಿದರು. ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿದಾಗ ಬಿಳಿ ಬೆಳಕು ಹುಟ್ಟಿತು. ನೀಲಿ ಎಲ್‌ಇಡಿಗಾಗಿ 2014ರ ಭೌತಶಾಸ್ತ್ರದ ನೊಬೆಲ್ ಅವರಿಗೂ ಅಕಾಸಾಕಿ, ಅಮಾನೊ ಅವರಿಗೂ ಸಂದಿತು. ಇಂದು 18 ವಾಟಿನ ಒಳ್ಳೆಯ ಎಲ್‌ಇಡಿ ಲೈಟ್ ಒಂದೂವರೆ ಆಂಪ್ ತಿಂದು 55 ವಾಟಿನ ಹ್ಯಾಲೋಜೆನ್ನಿನಷ್ಟೇ ಬೆಳಕು ಕೊಡುತ್ತದೆ. ಅಂಥ ನಾಲ್ಕು ಹಾಕಿದರೂ ಆರೇ ಆಂಪ್.

‘ಒಳ್ಳೆಯ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಪೆಟ್ಟಿಗೆಯ ಮೇಲೆ 108 ವಾಟ್ ಎಂದು ಅಚ್ಚುಹಾಕಿಸಿ ನಿಜದಲ್ಲಿ ಇಪ್ಪತ್ತು ವಾಟೂ ಎಳೆಯದ ಲೈಟುಗಳು ಪೇಟೆಯಲ್ಲಿ ಧಾರಾಳ. ಕೈತುಂಬ ಕೆಲಸವಿರುವ ಮಿಸ್ತ್ರಿ ವಾದಕ್ಕೆ ನಿಲ್ಲದೆ ಮೀಟರನ್ನು ಸಾಲಿನಲ್ಲಿ ಸೇರಿಸಿ ಆಂಪ್ ತೋರಿಸಿಬಿಡುತ್ತಾನೆ. ಲೈಟಿನ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳು ದಪ್ಪವಾಗಿವೆಯೇ, ಕೈಗೆ ತೂಕ ಬರುತ್ತದೆಯೇ ಎಂದೂ ನೋಡುತ್ತಾನೆ. ಎಲ್‌ಇಡಿಯ ಶತ್ರು ಅದರದೇ ಬಿಸಿ. ಬಿಸಿ ಹೊರಹೋಗಲು ದಾರಿಯಿಲ್ಲದ ಹಗುರ ಲೈಟ್ ಒಂದು ಹಂಗಾಮಿಗೇ ಮಂಕಾಗುತ್ತದೆ. ಐಪಿ 67 ಎಂಬ ಗುರುತು ನಿಜವಿದ್ದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ. ಹಾಗೆಂದು ವಾಟರ್ ಸರ್ವಿಸಿನವರು ಪ್ರೆಶರ್ ಪೈಪನ್ನು ಗೇಣು ದೂರದಿಂದ ನೇರ ಅದಕ್ಕೇ ಹಿಡಿಯಬಾರದು. ಆ ಏಟು ತಡೆಯುವ ಗುರುತು ಬೇರೆಯೇ ಇದೆ.

ಇನ್ನು ತಂತಿಯ ಸಂಗತಿ. ಕರಕುಶಲತೆ ಎನ್ನುವುದಿದ್ದರೆ ಇಲ್ಲಿದೆ.

ಅಗ್ಗದ ಕೆಲಸ ಹೀಗಿರುತ್ತದೆ: ಹೆಡ್‌ಲೈಟ್ ವೈರಿನ ಸಿಪ್ಪೆ ಕೆರೆದು, ಹೊಸ ತಂತಿ ಸುತ್ತಿ, ಟೇಪ್ ಹಾಕಿ, ಹಿಂದಿನ ಲೈಟಿಗೆ ‘ಡೈರೆಕ್ಟ್’ ಕೊಡುವುದು. ಆಗ ಎಲ್ಲ ಕರೆಂಟೂ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕವೇ ಹಾಯಬೇಕು. ಮುಂದಿನ ಬ್ಯಾಟರಿಯಿಂದ ಚಾವಿ ಸ್ವಿಚ್ಚಿಗೆ ಬಂದು, ಅಲ್ಲಿಂದ ಹಿಂದಕ್ಕೆ ಹೋಗುವ ದಾರಿ ಐದು ಮೀಟರಾದರೂ ಆಗುತ್ತದೆ. ಮುಕ್ಕಾಲು ಸ್ಕ್ವೇರ್ ಎಂ.ಎಂ. ತಂತಿಯಲ್ಲಿ ಒಂಬತ್ತು ಆಂಪ್ ಹರಿಸಿದರೆ ತಂತಿಯೊಂದೇ ಒಂದು ವೋಲ್ಟಿಗೂ ಮೀರಿ ನುಂಗುತ್ತದೆ, ಸ್ವಿಚ್ಚು ಮತ್ತು ಅರ್ತ್ ತಮ್ಮ ಪಾಲು ಬೇರೆ ತೆಗೆದುಕೊಳ್ಳುತ್ತವೆ. ಡ್ರಿಪ್ ಪೈಪ್ ಸಣ್ಣದಾಗಿ ಸಾಲು ಉದ್ದವಾದರೆ ಕೊನೆಯ ಬಳ್ಳಿಗೆ ನೀರು ಸಾಲದಿರುವುದನ್ನು ಕಂಡ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾಲೋಜೆನ್ನಿನಲ್ಲಿ ನಷ್ಟ ವೋಲ್ಟಿನ ಪ್ರಮಾಣಕ್ಕೆ ನಿಲ್ಲುವುದೂ ಇಲ್ಲ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಬಲ್ಬ್ ಬದಲಿಸಿ ಬದಲಿಸಿ ಸೋತವರ ಗಾಡಿಯಲ್ಲಿ ಹಲವು ಸಲ ಬಲ್ಬಿನ ತಪ್ಪೇ ಇರುವುದಿಲ್ಲ.

ಎಲ್‌ಇಡಿಯಲ್ಲಿ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಅದರೊಳಗಿನ ಡ್ರೈವರ್ ಸರ್ಕ್ಯೂಟ್ 10ರಿಂದ 30 ವೋಲ್ಟ್‌ವರೆಗೆ ಏನು ಸಿಕ್ಕರೂ ಸರಿದೂಗಿಸಿಕೊಂಡು ಬೆಳಕನ್ನು ಒಂದೇ ಸಮ ಇಡುತ್ತದೆ. ಹಾಗಾಗಿ ಕೆಟ್ಟ ವೈರಿಂಗ್ ಮುಚ್ಚಿಹೋಗುತ್ತದೆ. ಜಾಯಿಂಟ್ ಒಳಗೊಳಗೇ ಬಿಸಿಯಾಗುತ್ತಿದ್ದರೂ ಲೈಟ್ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಒಂದು ದಿನ ವೋಲ್ಟೇಜ್ ಮಿತಿಗಿಂತ ಕೆಳಗಿಳಿದಾಗ ಪಟಪಟ ಮಿಟುಕಲು ಶುರು. ಗಿರಾಕಿ ಲೈಟ್ ಕೆಟ್ಟಿತೆಂದು ತಂದು ಮೇಜಿನ ಮೇಲಿಡುತ್ತಾನೆ, ಮಿಸ್ತ್ರಿ ಬ್ಯಾಟರಿಗೆ ನೇರ ಮುಟ್ಟಿಸಿದರೆ ಝಗ್ಗೆಂದು ಉರಿಯುತ್ತದೆ.

ಸರಿಯಾದ ದಾರಿ ರಿಲೇಯದ್ದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಕಪ್ಪು ಡಬ್ಬಿಯ ಕಾಲುಗಳ ಮೇಲೆ 30, 85, 86, 87 ಎಂದು ಬರೆದಿರುತ್ತದೆ. ಇದು ಜರ್ಮನಿಯವರು ವಾಹನದ ವೈರಿಂಗಿಗೆ ಗೊತ್ತುಮಾಡಿದ ಸಂಖ್ಯೆಗಳ ಕ್ರಮ. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗನೂ ಮೊದಲ ವಾರದಲ್ಲಿ ಬಾಯಿಪಾಠ ಮಾಡುವುದು ಇದನ್ನೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ, 87ರಿಂದ ಲೈಟಿಗೆ ದಪ್ಪ ತಂತಿ. 85 ಅರ್ತ್‌ಗೆ, 86 ಸ್ವಿಚ್ಚಿಗೆ. ಈಗ ಸ್ವಿಚ್ಚಿನಲ್ಲಿ ಹರಿಯುವುದು ಆಂಪಿನ ಐದರಲ್ಲೊಂದು ಪಾಲಿನಷ್ಟೇ, ಅದು ಸುಡುವ ಪ್ರಮೇಯವಿಲ್ಲ. ಸ್ವಿಚ್ಚಿನ ಪೂರೈಕೆಯನ್ನು ಚಾವಿಯಿಂದ ತೆಗೆದುಕೊಂಡರೆ ಗಾಡಿ ಆಫ್ ಮಾಡಿದಾಗ ಲೈಟೂ ಆರುತ್ತದೆ, ಬೆಳಗ್ಗೆ ಬ್ಯಾಟರಿ ಸತ್ತಿರುವುದಿಲ್ಲ. ರಿಲೇಯನ್ನು ಕಾಲು ಕೆಳಗೆ ಮಾಡಿ ಕೂರಿಸಬೇಕು. ಮೇಲೆ ಮಾಡಿದರೆ ಸಾಕೆಟ್ಟಿನಲ್ಲಿ ನೀರು ನಿಂತು ಹಸಿರು ಕಟ್ಟುತ್ತದೆ. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಕಾಯುವುದು ಲೈಟನ್ನಲ್ಲ, ತಂತಿಯನ್ನು. ಅದಕ್ಕೂ ಮುಂಚಿನ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ. ನಾಲ್ಕು ಎಲ್‌ಇಡಿಗೆ ಕೆಂಪು ಬಣ್ಣದ 10 ಆಂಪ್ ಫ್ಯೂಸ್ ಸಾಕು. ಪದೇ ಪದೇ ಹೋಗುತ್ತದೆಂದು ಅದರ ಜಾಗಕ್ಕೆ ಹಸಿರು ಬಣ್ಣದ 30 ಚುಚ್ಚುವವರು, ಇನ್ನೂ ಧೈರ್ಯಸ್ಥರಾಗಿದ್ದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು, ಶೆಡ್ಡಿನಲ್ಲಿ ಕಣಕಿ ಬಣವೆಯ ಪಕ್ಕ ಗಾಡಿ ನಿಲ್ಲಿಸದಿದ್ದರೆ ಒಳ್ಳೆಯದು.

ತಂತಿಯಲ್ಲೂ ಜಾತಿಗಳಿವೆ. ಮನೆ ವೈರಿಂಗಿನಲ್ಲಿ ಮಿಕ್ಕಿದ, ಕೆಲವೇ ದಪ್ಪ ಎಳೆಗಳಿರುವ ತಂತಿ ಗಾಡಿಯ ನಡುಕಕ್ಕೆ ಒಳಗೇ ಮುರಿಯುತ್ತದೆ. ಬೇಕಾದದ್ದು ನವುರಾದ ಹಲವು ಎಳೆಗಳ ಆಟೋ ವೈರ್. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡುವುದು ಹಳೆಯ ಪರೀಕ್ಷೆ: ಹೊರಗೆ ಕೆಂಪಗಿದ್ದು ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ತವರ ಬಳಿದ ತಾಮ್ರ. ಎರಡನೆಯದು ದ್ರಾಕ್ಷಿ ಸೀಮೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಬ್ಲೋವರ್ ಎರಚುವುದು ಬರೀ ನೀರನ್ನಲ್ಲ. ಗಂಧಕ, ತಾಮ್ರದ ಔಷಧಗಳ ಮಂಜು ಗಾಡಿಯ ಮೈಯೆಲ್ಲ ಕೂರುತ್ತದೆ. ಟೇಪ್ ಸುತ್ತಿದ ಜಾಯಿಂಟಿನ ಒಳಗೆ ಅದು ಇಳಿದು ಕೂತರೆ ತಾಮ್ರ ಪುಡಿಯಾಗುತ್ತದೆ. ಆದ್ದರಿಂದ ತಂತಿಯ ತುದಿಗೆ ತಿಂಬಲ್ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಸುಟ್ಟು, ಇಡೀ ಸಾಲನ್ನು ಸುಕ್ಕುಸುಕ್ಕಿನ ಪೈಪಿನಲ್ಲಿ ಇಳಿಸಬೇಕು. ಆ ಪೈಪು ಇಲಿಗೂ ಸ್ವಲ್ಪ ಅಡ್ಡಿ, ಪೂರ್ತಿ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಕೆಡುವುದು ಅರ್ತ್‌ನಲ್ಲಿ. ಲೈಟಿನ ನೆಗೆಟಿವ್ ತಂತಿಯನ್ನು ಹತ್ತಿರ ಕಂಡ ಬೋಲ್ಟಿಗೆ ಸಿಕ್ಕಿಸುವುದು ರೂಢಿ. ಬೋಲ್ಟಿನ ಕೆಳಗೆ ಕಂಪನಿಯ ದಪ್ಪ ಬಣ್ಣವಿರುತ್ತದೆ, ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಬೇಕು. ಇನ್ನೂ ಮೇಲಾದದ್ದು ಬ್ಯಾಟರಿಯ ನೆಗೆಟಿವ್‌ವರೆಗೂ ಪ್ರತ್ಯೇಕ ತಂತಿ ಎಳೆಯುವುದು. ಕೆಲಸ ಪಕ್ಕಾ ಆಗಿದೆಯೇ ಎಂದು ನೋಡಲು ಲೈಟ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಲೈಟಿನ ಅರ್ತ್‌ಗೆ ಇಡುತ್ತಾರೆ. 0.1 ವೋಲ್ಟಿನ ಆಸುಪಾಸು ಬಂದರೆ ಸರಿ; ಅರ್ಧ ವೋಲ್ಟ್ ಬಂದರೆ ಮತ್ತೆ ಬಿಚ್ಚಬೇಕು. ಒಬ್ಬ ಮಿಸ್ತ್ರಿಯ ಕೈಗುಣ ತಿಳಿಯಲು ನನಗೆ ಕಂಡ ಹತ್ತಿರದ ದಾರಿ ಇದೇ: ಈ ಪರೀಕ್ಷೆ ಮಾಡುತ್ತಾನೋ ಇಲ್ಲವೋ ಎಂದು ಸುಮ್ಮನೆ ನಿಂತು ನೋಡುವುದು.

ಲೈಟ್ ಎಲ್ಲಿ ಕೂರಬೇಕೆಂಬುದು ಬೆಳೆಗೆ ತಕ್ಕ ಹಾಗೆ ಬದಲಾಗುತ್ತದೆ. ಬಯಲು ಹೊಲದಲ್ಲಿ ರೋಲ್ ಬಾರಿನ ತುದಿಯಲ್ಲಿ ಕೂತರೆ ದೂರ ಕಾಣುತ್ತದೆ. ಬಾರಿಗೆ ತೂತು ಕೊರೆಯಬಾರದು, ವೆಲ್ಡಿಂಗ್ ಮುಟ್ಟಿಸಬಾರದು. ಗಾಡಿ ಮಗುಚಿದಾಗ ಡ್ರೈವರನ ಜೀವ ಉಳಿಸಬೇಕಾದದ್ದು ಅದೇ, ಕ್ಲ್ಯಾಂಪ್ ಹಾಕಿ ಕಟ್ಟಬೇಕು. ಚಪ್ಪರದ ಪಡದಲ್ಲಿ ಬಾರನ್ನೇ ಮಡಚಿ ಒಳಹೋಗಬೇಕಾದ್ದರಿಂದ ಎಲ್ಲ ಲೈಟೂ ಮಡ್‌ಗಾರ್ಡ್ ಮಟ್ಟಕ್ಕೆ ಇಳಿಯುತ್ತವೆ. ಹಿಂದಿನ ಎರಡನ್ನು ನೇರ ಹಿಂದಕ್ಕೆ ತಿರುಗಿಸಿದರೆ ಔಷಧದ ಮಂಜೇ ಬಿಳಿ ಪರದೆಯಾಗಿ ಎದ್ದು ಕಣ್ಣಿಗೆ ಹೊಡೆಯುತ್ತದೆ, ನಾಜಲ್ ಕಾಣುವುದಿಲ್ಲ. ಅಗಲ ಹರಡುವ ಲೈಟನ್ನು ಹೊರಗಿನ ಅಂಚಿಗೆ ಸರಿಸಿ, ಒಳಮುಖವಾಗಿ ಓರೆ ಮಾಡಿ, ನಾಜಲ್‌ಗಳ ಮೇಲೆ ಅಡ್ಡಡ್ಡ ಬೀಳುವಂತೆ ಇಟ್ಟರೆ ಪ್ರತಿ ನಾಜಲಿನ ಹನಿಗಳ ಬೀಸಣಿಗೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಹಗಲಿನಲ್ಲಿ ಇದನ್ನು ಹೊಂದಿಸಲು ಆಗದು. ಗಿರಾಕಿ ಕತ್ತಲಾದ ಮೇಲೆ ಟ್ಯಾಂಕಿಗೆ ಬರೀ ನೀರು ತುಂಬಿಕೊಂಡು ಬರಬೇಕು, ಬ್ಲೋವರ್ ತಿರುಗಿಸುವ ಪಿಟಿಒ ಹಾಕಬೇಕು, ಮಿಸ್ತ್ರಿ ಸ್ಪ್ಯಾನರ್ ಹಿಡಿದು ಹಿಂದೆ ನಡೆಯಬೇಕು.

ಹಾಕಿಸಿದ ಲೈಟನ್ನು ಸಾಯಿಸುವ ದಾರಿಗಳೂ ಊರಲ್ಲಿವೆ. ಬ್ಯಾಟರಿ ಕೈಕೊಟ್ಟಾಗ ಪಕ್ಕದವರ ಬ್ಯಾಟರಿ ತಂದು ಗಾಡಿ ಚಾಲೂ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಅದನ್ನು ಬಿಚ್ಚಿ ವಾಪಸ್ ಕೊಡುವುದು ಮಾಮೂಲು. ಬ್ಯಾಟರಿ ತಪ್ಪಿದ ಆ ಕ್ಷಣದಲ್ಲಿ ಆಲ್ಟರ್‌ನೇಟರಿನ ವೋಲ್ಟೇಜ್ 14ರಿಂದ ಹಲವು ಪಟ್ಟು ನೆಗೆಯುತ್ತದೆ. 30 ವೋಲ್ಟಿನ ಮಿತಿ ಇರುವ ಎಲ್‌ಇಡಿ ಉಳಿಯುವುದು ಅದೃಷ್ಟ. ಬ್ಯಾಟರಿ ವೈರ್ ತೆಗೆಯದೆ ಗಾಡಿಗೆ ಆರ್ಕ್ ವೆಲ್ಡಿಂಗ್ ಮಾಡಿಸುವುದೂ ಇದೇ ಜಾತಿಯದು.

ಒಂದು ಸಂಗತಿಗೆ ಮಾತ್ರ ಸಿಟ್ಟು ಬರುತ್ತದೆ. ಮುಂದೆ ನಾಲ್ಕು, ಹಿಂದೆ ಎರಡು ಎಲ್‌ಇಡಿ ಹಾಕಿಸಿದ ಗಾಡಿ ಹಂಗಾಮು ಮುಗಿದ ಮೇಲೆ ಟ್ರೇಲರ್ ಕಟ್ಟಿಕೊಂಡು ಡಾಂಬರು ರಸ್ತೆಗೆ ಬರುತ್ತದೆ. ಟ್ರೇಲರಿನ ಬೆನ್ನಿಗೆ ಒಂದು ಕೆಂಪು ಲೈಟೂ ಇಲ್ಲ. ಏಳು ಪಿನ್ನಿನ ಸಾಕೆಟ್ ಗಾಡಿಯಲ್ಲಿ ಕಂಪನಿಯೇ ಕೊಟ್ಟಿದ್ದರೂ ಅದರ ಮುಚ್ಚಳ ತೆರೆದವರಿಲ್ಲ. ಅದರ ಬದಲು ಹಿಂದಿನ ಬಿಳಿ ವರ್ಕ್ ಲೈಟನ್ನೇ ಉರಿಸಿಕೊಂಡು ಹೋಗುವವರಿದ್ದಾರೆ. ಹಿಂದೆ ಬರುವ ಬೈಕಿನವನಿಗೆ ಎದುರಿನಿಂದ ಗಾಡಿ ಬರುತ್ತಿದೆ ಎನಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯಲ್ಲಿ ಹಿಂದಕ್ಕೆ ತೋರಬೇಕಾದದ್ದು ಕೆಂಪು ಬೆಳಕು. ಕಬ್ಬಿನ ಹಂಗಾಮಿನಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ರಸ್ತೆಗಳಲ್ಲಿ ರಾತ್ರಿ ಓಡಾಡಿದವರಿಗೆ ಲೈಟಿಲ್ಲದ ಜೋಡಿ ಟ್ರೇಲರ್ ಎಂದರೆ ಏನೆಂದು ಗೊತ್ತು. ಈ ಕೆಲಸ ದೊಡ್ಡದಲ್ಲ: ಒಂದು ಪ್ಲಗ್, ಟ್ರೇಲರಿನ ಉದ್ದಕ್ಕೆ ವೈರ್, ಎರಡು ಲೈಟ್. ಗಿರಾಕಿ ಕೇಳದಿದ್ದರೂ ಮಿಸ್ತ್ರಿಗಳು ಹೇಳುತ್ತಾರೆ. “ಅದು ಮುಂದ್ ನೋಡೂಣ್ರಿ” ಎಂಬ ಉತ್ತರ ಸಿದ್ಧವಿರುತ್ತದೆ.

ಈ ವಿದ್ಯೆ ಕಲಿಯಲು ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್, ಆಟೋ ಎಲೆಕ್ಟ್ರಿಕಲ್ ಟ್ರೇಡುಗಳಿವೆ. ಆದರೂ ಅಂಗಡಿಗಳಲ್ಲಿ ಕಾಣುವ ಹುಡುಗರಲ್ಲಿ ಹೆಚ್ಚಿನವರು ನೋಡಿ ಕಲಿತವರು. ಹೊಸ ಗಾಡಿಗಳಲ್ಲಿ ಕಂಪನಿಯಿಂದಲೇ ಎಲ್‌ಇಡಿ ಬರತೊಡಗಿದೆ, ವಾರಂಟಿ ಇರುವ ಗಾಡಿಯ ಮೂಲ ವೈರಿಂಗ್ ಕತ್ತರಿಸಿದರೆ ಡೀಲರ್ ತಕರಾರು ತೆಗೆಯುತ್ತಾನೆ. ಹಾಗಾಗಿ ಒಂದು ತಂತಿಯನ್ನೂ ಕತ್ತರಿಸದೆ, ಬ್ಯಾಟರಿಯಿಂದ ಬೇರೆಯೇ ಸಾಲು ಎಳೆದು, ರಿಲೇ ಹಾಕಿ, ಬೇಡವಾದಾಗ ಬಿಚ್ಚಿ ತೆಗೆಯಬಹುದಾದ ಕಪ್ಲರ್ ಕೊಡುವ ಮಿಸ್ತ್ರಿಗಳಿಗೆ ಈಗ ಕೆಲಸ ಜಾಸ್ತಿ. ಅಕ್ಟೋಬರ್ ಬಂದ ಮೇಲೆ ಅವರ ಅಂಗಡಿಯ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ, ಅವಸರಕ್ಕೆ ಜಾಯಿಂಟ್ ಮೇಲೆ ಟೇಪ್ ಬೀಳುತ್ತದೆ. ಹಾಕಿಸುವವರು ಶ್ರಾವಣದಲ್ಲೇ ಹೋಗುವುದು ಮೇಲು. ಆಗ ಮಿಸ್ತ್ರಿಗೂ ಬಿಡುವು, ಅರ್ತ್ ಬೋಲ್ಟಿನ ಬಣ್ಣ ಕೆರೆಯಲೂ ವ್ಯವಧಾನ.