ಮುಗಿಯದ ಭೂತಕಾಲ

ವ್ಯಾಕರಣ ಪಾಠ ಹೇಳುವ ನನಗೆ ಭೂತಕಾಲವೆಂದರೆ ಮುಗಿದುಹೋದ ಕ್ರಿಯೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯಲ್ಲಾದರೋ ಅದು ಮುಗಿಯುವುದೇ ಇಲ್ಲ. ಅಧಿಕಾರಿಗಳ ಆಜ್ಞೆಯಿಂದ ಒಮ್ಮೆ ಮನೋರೋಗಾಲಯಕ್ಕೆ ಸೇರಿಸಲ್ಪಟ್ಟವನು ಬಂದೂಕು ಇಟ್ಟುಕೊಳ್ಳಬಾರದೆಂಬುದು ಅದರ ವಿಧಿ. ರೋಗ ಈಗಲೂ ಉಂಟೆ ಎಂದು ಆ ವಿಧಿ ಕೇಳುವುದಿಲ್ಲ.

ಮಿಷಿಗನ್ ರಾಜ್ಯದ ಒಬ್ಬಾತ 1986ರಲ್ಲಿ, ವಿವಾಹವಿಚ್ಛೇದನದ ದುಃಖದಲ್ಲಿ, ತಿಂಗಳಿಗೂ ಕಡಿಮೆ ಕಾಲ ಅಂಥ ಆಲಯದಲ್ಲಿದ್ದ. ಕಾಲು ಶತಮಾನದ ತರುವಾಯ ಬಂದೂಕು ಕೊಳ್ಳಹೋದಾಗ ಕಾಯಿದೆ ಅಡ್ಡಬಂದಿತು. ಗುಣವಾದವನನ್ನು ಮರುಪರೀಕ್ಷಿಸಿ ನಿಷೇಧ ತೆಗೆಯುವ ಏರ್ಪಾಡು ಆ ರಾಜ್ಯದಲ್ಲಿ ಆಗ ಇರಲಿಲ್ಲ. ಅವನ ದಾವೆಯನ್ನು ವಜಾ ಮಾಡಿದುದು ಸರಿಯಲ್ಲವೆಂದು ಆರನೆಯ ಮಂಡಲದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ತೀರ್ಪಿತ್ತಿತು. ವಾಷಿಂಗ್ಟನ್ ರಾಜ್ಯದ ಇನ್ನೊಬ್ಬನನ್ನು ಆಲಯಕ್ಕೆ ಸೇರಿಸಿದುದು 1999ರಲ್ಲಿ, ಅವನ ಹದಿನೇಳನೆಯ ವಯಸ್ಸಿನಲ್ಲಿ. ರಾಜ್ಯದ ನ್ಯಾಯಾಲಯ ಅವನಿಗೆ ಹಕ್ಕನ್ನು ಮರಳಿಸಿದ್ದರೂ, 2020ರಲ್ಲಿ ಒಂಬತ್ತನೆಯ ಮಂಡಲದ ನ್ಯಾಯಾಲಯ ಒಕ್ಕೂಟದ ನಿಷೇಧವನ್ನೇ ಎತ್ತಿಹಿಡಿಯಿತು.

ಆ ದೇಶದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕೂ ಮಿಕ್ಕವು ಆತ್ಮಹತ್ಯೆಗಳು. ಆದುದರಿಂದ ಕಾಯಿದೆಯ ಎಚ್ಚರಿಕೆ ನಿಷ್ಕಾರಣವಲ್ಲ. ಬಂದೂಕು ಯಾರ ಕೈಗೂ ಸುಲಭವಾಗಿ ಸಿಗಬೇಕೆಂದು ನಾನೂ ಹೇಳಲಾರೆ. ಆದರೆ ಜ್ವರ ಬಂದು ಹೋದವನನ್ನು ನಾವು ಜ್ವರಪೀಡಿತನೆನ್ನುತ್ತೇವೆಯೆ? ಹಕ್ಕನ್ನು ಕೊಡಲಿ, ಬಿಡಲಿ. ನ್ಯಾಯಾಧೀಶನು ನೋಡಬೇಕಾದುದು ಎದುರು ನಿಂತ ಇಂದಿನ ಮನುಷ್ಯನನ್ನು.