ಈ ಗಿಡ ಯಾವುದು?

ಈಚೆಗೆ ಒಂದು ದಿನ ಬೆಳಗ್ಗೆ ನಮ್ಮ ಬೀದಿಯ ಗೃಹಸ್ಥರೊಬ್ಬರು ಕಾಗದದ ಪೊಟ್ಟಣವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ದಯಮಾಡಿಸಿದರು. ಬಿಚ್ಚಿ ನೋಡಲು ಅದರಲ್ಲಿ ಬಾಡಿದ ನಾಲ್ಕು ದುಂಡನೆಯ ಎಲೆಗಳಿದ್ದುವು. "ಇದು ಬ್ರಾಹ್ಮಿಯೇ ಹೌದೋ ಅಲ್ಲವೋ ನೋಡಿ ಹೇಳಬೇಕು, ಮೇಷ್ಟ್ರೇ. ಮಗುವಿಗೆ ಜ್ಞಾಪಕಶಕ್ತಿ ಹೆಚ್ಚಲೆಂದು ರಸ ಹಿಂಡಿ ಕೊಡೋಣವೆಂದಿದ್ದೇವೆ" ಎಂದರು. ನಾನು ಎಲೆಗಳನ್ನು ತಿರುಗಿಸಿ ನೋಡಿ, "ಇಷ್ಟರಿಂದಲೇ ಹೇಳಲಾರೆ" ಎಂದೆ. ಇಷ್ಟು ವರ್ಷ ಸಸ್ಯಶಾಸ್ತ್ರವನ್ನು ಬೋಧಿಸಿದವನು ನಾಲ್ಕು ಎಲೆಗಳ ಹೆಸರು ಹೇಳಲಾರದೆ ಹೋದನಲ್ಲಾ ಎಂದು ಅವರಿಗೆ ಆಶ್ಚರ್ಯವಾಗಿರಬೇಕು. ನಾನು ಹಾಗೆ ಹೇಳಿದುದಕ್ಕೆ ಕಾರಣವೇನೆಂಬುದನ್ನೇ ಈ ಹೊತ್ತು ತಮ್ಮಲ್ಲಿ ಅರಿಕೆಮಾಡುತ್ತೇನೆ.

ಮೊದಲನೆಯ ತೊಡಕು ಹೆಸರಿನದು. ಬ್ರಾಹ್ಮಿ ಎಂಬ ಒಂದೇ ಹೆಸರು ಎರಡು ಗಿಡಗಳಿಗೆ ಸಲ್ಲುತ್ತಿದೆ. ತಂಬುಳಿ ಚಟ್ನಿಗಳಿಗೆ ಒದಗುವ ಒಂದೆಲಗವನ್ನು ನಮ್ಮಲ್ಲಿ ಅನೇಕರು ಬ್ರಾಹ್ಮಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಮಂಡೂಕಪರ್ಣಿ. ಕೇರಳದ ವೈದ್ಯರಿಗಾದರೋ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಎರಡೂ ತೇವದ ನೆಲದಲ್ಲಿ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತವೆ. ಹೋಲಿಕೆ ಅಷ್ಟಕ್ಕೇ ಮುಗಿಯಿತು. ಒಂದೆಲಗದ ಎಲೆ ದುಂಡಗೆ, ಉದ್ದವಾದ ತೊಟ್ಟಿನ ಮೇಲೆ ನಿಂತಿರುತ್ತದೆ. ಅದು ಕೊತ್ತಂಬರಿಯ ವಂಶದ್ದು. ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ರಸಭರಿತವಾದುವು, ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಅದರ ಹೂವು ಬಿಳಿ ಅಥವಾ ತಿಳಿನೇರಳೆ. ಇದು ಸಾಲದೆಂಬಂತೆ, ಗೆಣಸಿನ ವಂಶಕ್ಕೆ ಸೇರಿದ ಪುಟ್ಟ ಬಳ್ಳಿಯೊಂದು ಎಲೆಯ ಆಕಾರದಲ್ಲಿ ಒಂದೆಲಗವನ್ನೇ ಹೋಲುತ್ತದೆ. ಅದರಲ್ಲಿ ಆಲಿಕೆಯಾಕಾರದ ಹಳದಿ ಹೂವು ಅರಳಿದಾಗಲೇ ನಮ್ಮ ಭ್ರಾಂತಿ ಹರಿಯುವುದು.

ಹೆಸರಿನ ಗೊಂದಲದಿಂದ ಅಂಥ ಅನರ್ಥವೇನಾದೀತು ಎಂದು ಕೆಲವರು ಕೇಳಬಹುದು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ನಡೆದುದನ್ನು ಹೇಳುತ್ತೇನೆ. ಅಲ್ಲಿ ಮೈ ಇಳಿಸುವ ಚಿಕಿತ್ಸೆಗಾಗಿ ಚೀನೀ ಮೂಲಿಕೆಗಳ ಪುಡಿಯನ್ನು ಸೇವಿಸಿದ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುಹೋದ ಸಂಗತಿ 1993ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ರೋಗಿಗಳ ಸಂಖ್ಯೆ ಕ್ರಮೇಣ ನೂರನ್ನು ಮೀರಿತು. ಕೆಲವರಲ್ಲಿ ಮುಂದೆ ಮೂತ್ರನಾಳದ ಅರ್ಬುದವೂ ಕಾಣಿಸಿಕೊಂಡಿತು. ಕೊಡಬೇಕಾಗಿದ್ದ ಬೇರಿನ ಚೀನೀ ಹೆಸರು ಫಾಂಗ್ ಜಿ. ಅದರ ಬದಲಿಗೆ ಬೆರೆತುಹೋದುದು ಗುವಾಂಗ್ ಫಾಂಗ್ ಜಿ. ಹೆಸರಿನಲ್ಲಿ ಒಂದು ಮಾತಿನ ಅಂತರ. ಆದರೆ ಎರಡನೆಯದು ಅರಿಸ್ಟೊಲೋಕಿಯಾ ಎಂಬ ಬೇರೊಂದು ಕುಲದ ಬಳ್ಳಿ. ಬೇರು ಪುಡಿಯಾದ ಮೇಲೆ ಎಲೆಯೂ ಇಲ್ಲ, ಹೂವೂ ಇಲ್ಲ; ಕಣ್ಣು ಕಂಡುಹಿಡಿಯುವುದಾದರೂ ಹೇಗೆ? ನಮ್ಮ ನಾಡಿನ ಈಶ್ವರಿ ಬಳ್ಳಿಯೂ ಅದೇ ಕುಲದ್ದು; ಅದರಲ್ಲಿಯೂ ಅದೇ ವಿಷದ್ರವ್ಯವುಂಟೆಂಬುದನ್ನು ನಾವು ಮರೆಯಬಾರದು.

ಹಾಗಾದರೆ ಗುರುತಿಸುವ ಬಗೆ ಯಾವುದು? ಎಲೆಯೊಂದನ್ನೇ ನಂಬಬಾರದು. ಒಂದೇ ಗಿಡದ ಎಲೆ ನೆರಳಿನಲ್ಲಿ ಅಗಲವಾಗಿಯೂ ಬಿಸಿಲಿನಲ್ಲಿ ಕಿರಿದಾಗಿಯೂ ಇರಬಹುದು. ಹೂವು ಕಾಯಿಗಳ ರಚನೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. 1753ರಲ್ಲಿ ಲಿನೇಯಸನು ಸಸ್ಯಗಳನ್ನು ವಿಂಗಡಿಸುವಾಗ ಹೂವಿನ ಭಾಗಗಳನ್ನೇ ಆಧಾರವಾಗಿಟ್ಟುಕೊಂಡನು. ಆದಕಾರಣ ಬೇರು, ಕಾಂಡ, ಎಲೆ, ಹೂವು, ಕಾಯಿ ಎಲ್ಲವೂ ಇರುವ ರೆಂಬೆಯನ್ನು, ಗಿಡ ಚಿಕ್ಕದಾದರೆ ಇಡೀ ಗಿಡವನ್ನೇ, ತರಬೇಕು. ಹಳೆಯ ವೃತ್ತಪತ್ರಿಕೆಯ ಮಡಿಕೆಗಳ ನಡುವೆ ಅದನ್ನು ಹರಡಿ, ಮೇಲೆ ಭಾರವಿಟ್ಟು, ಒಣಗುವವರೆಗೂ ದಿನದಿನವೂ ಕಾಗದ ಬದಲಿಸಬೇಕು. ಕಿತ್ತ ಸ್ಥಳ, ತಾರೀಖು, ನೆಲದ ಗುಣ, ಹೂವಿನ ಬಣ್ಣ, ಮುರಿದಾಗ ಹಾಲು ಬಂದಿತೇ ಇಲ್ಲವೇ ಎಂಬುದು, ಅಲ್ಲಿಯ ಜನ ಕರೆಯುವ ಹೆಸರು, ಇವುಗಳನ್ನು ಆಗಲೇ ಬರೆದಿಡಬೇಕು. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಸಾಕ್ಷಿ ಹೇಳಲಾರವು. ಗುರುತು ತಿಳಿಯುವ ಮುನ್ನ ರುಚಿ ನೋಡುವ ಸಾಹಸ ಮಾತ್ರ ಬೇಡ.

ತರುವಾಯ ಅದನ್ನು ಬಲ್ಲವರ ಬಳಿಗೆ ಒಯ್ಯಬೇಕು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹೀಗೆ ಒಣಗಿಸಿ ಹೆಸರಿಟ್ಟ ಸಸ್ಯಗಳ ಸಂಗ್ರಹವಿದೆ. ಸಲ್ಡಾನ ಮತ್ತು ನಿಕಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ 1976ರಲ್ಲಿ ಹೊರಬಂದಿದೆ. ಪುಸ್ತಕದ ವರ್ಣನೆ, ಸಂಗ್ರಹದ ಮಾದರಿ, ಕೈಯಲ್ಲಿರುವ ಗಿಡ, ಈ ಮೂರೂ ಹೊಂದಿದಾಗ ಮಾತ್ರ ಹೆಸರು ನಿಶ್ಚಯವಾಯಿತೆನ್ನಬೇಕು. ಅದನ್ನು ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ವೈದ್ಯರಿಗೆ ಬಿಟ್ಟ ವಿಷಯ.

ಆ ಗೃಹಸ್ಥರು ಎರಡು ವಾರ ತಾಳಿ, ಹೂಬಿಟ್ಟ ಬಳ್ಳಿಯನ್ನೇ ಬೇರುಸಹಿತ ತಂದರು. ಹೂವು ಹಳದಿಯಾಗಿತ್ತು. ಅದು ವಿಷವೇನೂ ಅಲ್ಲ. ಆದರೆ ಅವರು ಮಗುವಿಗೆ ಕೊಡಬೇಕೆಂದಿದ್ದ ಗಿಡ ಅದಾಗಿರಲಿಲ್ಲ. ಎಲೆ ಕಂಡೊಡನೆ ಹೆಸರು ಹೇಳುವುದು ಜಾಣತನವೆನಿಸಬಹುದು. ಹೂವು ಬರುವವರೆಗೂ ಕಾದಿರುವುದೇ ವಿವೇಕ.