ವೀಸಾ ದೊರೆತರೆ ಸಾಲದು

ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳುವ ಮಕ್ಕಳು ಇಂದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ವೀಸಾ ಕೈಸೇರಿದೊಡನೆ ಹಿರಿಯರಾದ ನಾವು ನಿಶ್ಚಿಂತರಾಗುತ್ತೇವೆ. ಆದರೆ ಆ ವೀಸಾ ಸಾಮಾನ್ಯವಾಗಿ ಕೆಲವೇ ತಿಂಗಳುಗಳದು. ವ್ಯಾಸಂಗ ಮುಂದುವರಿಸಲು ಬೇಕಾದ ವಾಸದ ಪರವಾನಗಿಯನ್ನು ಅಲ್ಲಿಯೇ ಪಡೆಯಬೇಕು.

ಹೊರಡುವ ಮುನ್ನವೇ ಅಂಕಪಟ್ಟಿಗಳ ನೈಜತೆಯನ್ನು ದೃಢಪಡಿಸುವ ಎ.ಪಿ.ಎಸ್. ಪ್ರಮಾಣಪತ್ರ ಬೇಕು, ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಇದು ಕಡ್ಡಾಯವಾಯಿತು. ಜೀವನ ನಿರ್ವಹಣೆಗೆ ಹಣವಿದೆಯೆಂದೂ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋಗಳಿಗೆ ಏರಿಸಲಾಯಿತು. ಇದು ಶುಲ್ಕವಲ್ಲ. ನಿರ್ಬಂಧಿತ ಖಾತೆಯಲ್ಲಿಟ್ಟ ಹಣವು ತಿಂಗಳಿಗೆ 992 ಯೂರೋಗಳಂತೆ ವಿದ್ಯಾರ್ಥಿಗೇ ದೊರೆಯುತ್ತದೆ. ಹೊಲಮನೆ ಅಡವಿಡುವ ಮುನ್ನ ತಂದೆತಾಯಂದಿರು ಇದನ್ನು ಅರಿತಿರಬೇಕು. ವಿದ್ಯಾರ್ಥಿವೇತನವನ್ನೂ ಆಧಾರವಾಗಿ ತೋರಿಸಬಹುದು.

ಅಲ್ಲಿ ಬಿಡಾರ ಹೂಡಿದ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸಬೇಕು. ಅನಂತರ, ವೀಸಾದ ಅವಧಿ ಮುಗಿಯುವ ಮೊದಲೇ, ವಿದೇಶೀಯರ ಕಚೇರಿಗೆ ಪರವಾನಗಿಯ ಅರ್ಜಿ ಸಲ್ಲಿಸಬೇಕು. ಹಾಗೆ ಸಲ್ಲಿಸಿದವರು ತೀರ್ಮಾನವಾಗುವವರೆಗೆ ಅಲ್ಲಿ ನೆಲೆಸಬಹುದು. ತಡಮಾಡಿದರೆ ವ್ಯಾಸಂಗವೇ ಕೈತಪ್ಪೀತು.

ದೂರದ ಮಕ್ಕಳೊಡನೆ ಫೋನಿನಲ್ಲಿ ಮಾತನಾಡುವಾಗ "ಊಟವಾಯಿತೇ?" ಎಂದು ಕೇಳುವ ನಾವು, "ಅರ್ಜಿ ಸಲ್ಲಿಸಿದೆಯಾ?" ಎಂದೂ ಕೇಳೋಣ.